ತ್ರಿಶತಕ ಬಾರಿಸಿದವನೂ ತಂಡ ಬದಲಿಸಬೇಕಾಯಿತು

ನಮ್ಮ ದೊಡ್ಡಪ್ಪನ ಮಗ ಎರಡು ವರ್ಷದ ಹಿಂದೆ ಬಿ.ಇ. ಮುಗಿಸಿ ಕೆಲಸಕ್ಕೆ ಪುಣೆಗೆ ಹೋದ. ಹೊರಟ ದಿನ ಬ್ಯಾಗು ಹಿಡಿದು ನಾನೂ ಕಮಲಾಪುರ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಅಲ್ಲಿ ಸಿಕ್ಕ ಪರಿಚಯದ ಕಾಕಾ ಒಬ್ಬರು, "ಯಾಕಪಾ, ಇಲ್ಲಿ ಏನೂ ಆಗ್ಲಿಲ್ಲೇನು?" ಅಂದರು. ಅವರ ಮಾತಿನಲ್ಲಿ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ಅಣ್ಣನ ಮುಖ ಸಣ್ಣದಾಗಿದ್ದನ್ನು ನಾನು ನೋಡಿದೆ. ಊರು ಬಿಟ್ಟವನು ಸೋತವನು ಎಂಬ ಲೆಕ್ಕ ನಮ್ಮ ಕಡೆ ಇನ್ನೂ ಹೋಗಿಲ್ಲ.

ಆ ಮಾತು ನೆನಪಾದಾಗಲೆಲ್ಲ ನನಗೆ ಕರುಣ್ ನಾಯರ್ ನೆನಪಾಗುತ್ತಾರೆ. ಬೆಂಗಳೂರಿನಲ್ಲಿ ಬೆಳೆದ ಈ ಬ್ಯಾಟ್ಸ್‌ಮನ್ 2013-14ರಲ್ಲಿ ಕರ್ನಾಟಕದ ಪರ ರಣಜಿಗೆ ಕಾಲಿಟ್ಟರು. ಆ ವರ್ಷವೂ ಮರುವರ್ಷವೂ ರಾಜ್ಯ ತಂಡ ರಣಜಿ ಟ್ರೋಫಿ ಗೆದ್ದಿತು. 2014-15ರ ಫೈನಲ್‌ನಲ್ಲಿ ತಮಿಳುನಾಡಿನ ವಿರುದ್ಧ ಕರುಣ್ ಹೊಡೆದದ್ದು 328 ರನ್. ಮುಂದೆ 2016ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303. ವೀರೇಂದ್ರ ಸೆಹ್ವಾಗ್ ಬಿಟ್ಟರೆ ಟೆಸ್ಟ್‌ನಲ್ಲಿ ತ್ರಿಶತಕ ಬಾರಿಸಿದ ಭಾರತೀಯ ಇವರೊಬ್ಬರೇ. ಅದು ಅವರ ಮೂರನೇ ಟೆಸ್ಟ್, ವಯಸ್ಸು 25.

ಭಾರತದ ಮುಂದಿನ ಟೆಸ್ಟ್ ನಡೆದದ್ದು ನಮಗೆ ಹತ್ತಿರದ ಹೈದರಾಬಾದಿನಲ್ಲಿ. ಅಜಿಂಕ್ಯ ರಹಾನೆ ಗಾಯದಿಂದ ಚೇತರಿಸಿಕೊಂಡು ತಂಡಕ್ಕೆ ಮರಳಿದ್ದರು. ತ್ರಿಶತಕ ಹೊಡೆದವನಿಗೆ ಹನ್ನೊಂದರಲ್ಲಿ ಜಾಗವಿರಲಿಲ್ಲ. ಆಸ್ಟ್ರೇಲಿಯಾ ವಿರುದ್ಧ ಮತ್ತೆ ಮೂರು ಪಂದ್ಯ ಸಿಕ್ಕವು, ರನ್ ಬರಲಿಲ್ಲ. 2018ರಲ್ಲಿ ಇಂಗ್ಲೆಂಡಿಗೆ ಕರೆದುಕೊಂಡು ಹೋದರೂ ಒಂದೂ ಪಂದ್ಯ ಆಡಿಸಲಿಲ್ಲ. ಸರಣಿಯ ನಡುವೆ ತಂಡ ಸೇರಿಕೊಂಡ ಹನುಮ ವಿಹಾರಿ ಓವಲ್‌ನಲ್ಲಿ ಕಣಕ್ಕಿಳಿದರು. ಐಪಿಎಲ್‌ನಲ್ಲೂ ಬೆಂಗಳೂರು, ರಾಜಸ್ಥಾನ, ದೆಹಲಿ, ಪಂಜಾಬ್, ಕೋಲ್ಕತ್ತ ಎಂದು ಜೆರ್ಸಿ ಬದಲಾಗುತ್ತಲೇ ಇತ್ತು. ಕೊನೆಗೆ 2022ರಲ್ಲಿ ಕರ್ನಾಟಕ ತಂಡದಿಂದಲೂ ಹೊರಬಿದ್ದರು. ಆ ಡಿಸೆಂಬರ್‌ನಲ್ಲಿ ಅವರು ಟ್ವಿಟರ್‌ನಲ್ಲಿ ಒಂದೇ ಸಾಲು ಬರೆದರು: ಪ್ರೀತಿಯ ಕ್ರಿಕೆಟ್, ಇನ್ನೊಂದು ಅವಕಾಶ ಕೊಡು.

ಆ ಸಾಲನ್ನು ಓದದ ನಿರುದ್ಯೋಗಿ ಪದವೀಧರ ಕಡಿಮೆ. ಎಷ್ಟೋ ಜನ ಅದನ್ನು ಸ್ಟೇಟಸ್‌ಗೂ ಹಾಕಿಕೊಂಡರು. ಆದರೆ ಅದಾದ ಮೇಲೆ ಅವರು ಏನು ಮಾಡಿದರು ಎಂಬುದನ್ನು ಯಾರೂ ಸ್ಟೇಟಸ್‌ಗೆ ಹಾಕಿದ್ದು ನಾನು ನೋಡಿಲ್ಲ. ನಮಗೆ ಬೇಕಾದದ್ದು ಆ ಭಾಗವೇ.

ಅವರು ಕಾಯುತ್ತಾ ಕೂರಲಿಲ್ಲ. 2023ರಲ್ಲಿ ಕರ್ನಾಟಕ ಕ್ರಿಕೆಟ್ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ಪಡೆದು ವಿದರ್ಭ ಸೇರಿದರು. ಅದೇ ವರ್ಷ ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರ್ ಕೌಂಟಿ ತಂಡ ಋತುವಿನ ಕೊನೆಯ ಮೂರು ಪಂದ್ಯಗಳಿಗೆ ಕರೆಯಿತು. ಕೇವಲ ಮೂರು ಪಂದ್ಯ! ಟೆಸ್ಟ್ ತ್ರಿಶತಕದ ಆಟಗಾರನಿಗೆ ಅದು ಸಣ್ಣ ಕೆಲಸ ಅನ್ನಿಸಬಹುದಿತ್ತು. ಹೋದರು, ಸರ್ರೆ ವಿರುದ್ಧ ಓವಲ್‌ನಲ್ಲಿ 150 ಹೊಡೆದರು. ಮರುವರ್ಷ ಅದೇ ಕೌಂಟಿ ಮತ್ತೆ ಕರೆಯಿತು. ಆಗ ಗ್ಲಾಮೋರ್ಗನ್ ವಿರುದ್ಧ ಅಜೇಯ 202.

ಹೀಗೆ ಊರೂರು ತಿರುಗಿ ಆಡುವವರು ಎಲ್ಲ ಕ್ರೀಡೆಗಳಲ್ಲೂ ಇದ್ದಾರೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಅವಕಾಶ ಸಿಗದವರು ಜಪಾನಿಗೆ, ಕೊರಿಯಾಕ್ಕೆ ಹೋಗಿ ಆಡಿ ಬರುವುದು ಮಾಮೂಲು. ಸೆಸಿಲ್ ಫೀಲ್ಡರ್ 1989ರಲ್ಲಿ ಜಪಾನಿನ ಹನ್ಶಿನ್ ಟೈಗರ್ಸ್‌ಗೆ ಆಡಿ, ಮರಳಿದ ವರ್ಷವೇ ಡೆಟ್ರಾಯಿಟ್ ಪರ 51 ಹೋಮ್ ರನ್ ಬಾರಿಸಿದರು. ನಮ್ಮಲ್ಲೇ ನೋಡಿ, ರಾಜ್ಯಕ್ಕೆ ಸತತ ಎರಡು ರಣಜಿ ಗೆದ್ದುಕೊಟ್ಟ ನಾಯಕ ದಾವಣಗೆರೆಯ ವಿನಯ್ ಕುಮಾರ್ ಕೊನೆಗೆ ಪುದುಚೇರಿಗೆ ಆಡಿದರು. ದಾವಣಗೆರೆಯವರೇ ಆದ ಗಣೇಶ್ ಸತೀಶ್ ವಿದರ್ಭಕ್ಕೆ ಹೋಗಿ ರಣಜಿ ಗೆದ್ದರು. ಇವರಲ್ಲಿ ಯಾರನ್ನು ಸೋತವರು ಎನ್ನೋಣ?

ಕರುಣ್ ಅವರ ದೊಡ್ಡ ವರ್ಷ 2024-25. ವಿಜಯ್ ಹಜಾರೆ ಟ್ರೋಫಿಯಲ್ಲಿ ವಿದರ್ಭದ ನಾಯಕರಾಗಿ 8 ಇನಿಂಗ್ಸ್‌ಗಳಲ್ಲಿ 779 ರನ್, ಐದು ಶತಕ. ಇಡೀ ಟೂರ್ನಿಯಲ್ಲಿ ಔಟಾದದ್ದು ಎರಡೇ ಸಲ, ಹಾಗಾಗಿ ಸರಾಸರಿ 389.5. ಫೈನಲ್‌ನಲ್ಲಿ ಎದುರಿಗೆ ಬಂದದ್ದು ಕರ್ನಾಟಕ! ಅವರು 27ಕ್ಕೆ ಔಟಾದರು, ಕರ್ನಾಟಕ 36 ರನ್‌ಗಳಿಂದ ಗೆದ್ದಿತು. ಅಂದು ಹಾಸ್ಟೆಲ್‌ನಲ್ಲಿ ಮೊಬೈಲ್ ಮುಂದೆ ಗುಂಪಾಗಿ ಕೂತಿದ್ದ ನಮಗೆ ಯಾರು ಗೆದ್ದರೆ ಖುಷಿಪಡಬೇಕು ಅಂತ ಗೊತ್ತಾಗಲಿಲ್ಲ. ಕೆಲವೇ ವಾರಗಳಲ್ಲಿ ಕೇರಳ ವಿರುದ್ಧ ರಣಜಿ ಫೈನಲ್‌ನಲ್ಲಿ 86 ಮತ್ತು 135 ಹೊಡೆದರು. ವಿದರ್ಭ ಚಾಂಪಿಯನ್ ಆಯಿತು. ಆ ರಣಜಿ ಋತುವಿನಲ್ಲಿ ಅವರ ರನ್ 863.

ಇಷ್ಟಾದ ಮೇಲೆ ಆಯ್ಕೆಗಾರರು ನೋಡದೆ ಇರಲಾಗಲಿಲ್ಲ. 2025ರ ಜೂನ್‌ನಲ್ಲಿ, ಎಂಟು ವರ್ಷಗಳ ನಂತರ, ಲೀಡ್ಸ್‌ನಲ್ಲಿ ಮತ್ತೆ ಟೆಸ್ಟ್ ಆಡಿದರು. ಸಿನಿಮಾ ಆಗಿದ್ದರೆ ಅಲ್ಲಿ ಶತಕ ಬರುತ್ತಿತ್ತು. ನಿಜದಲ್ಲಿ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ. ಸರಣಿಯ ನಾಲ್ಕು ಟೆಸ್ಟ್‌ಗಳಲ್ಲಿ 205 ರನ್, ಓವಲ್‌ನಲ್ಲಿ ಒಂದೇ ಅರ್ಧಶತಕ. ಮುಂದಿನ ವೆಸ್ಟ್ ಇಂಡೀಸ್ ಸರಣಿಗೆ ಕೈಬಿಟ್ಟರು. ಬೇಡಿದ್ದ ಆ ಇನ್ನೊಂದು ಅವಕಾಶ ಬಂದಿತ್ತು, ಪೂರ್ತಿ ಕೈಗೆ ಹತ್ತಲಿಲ್ಲ.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಸ್ಫೂರ್ತಿಯ ಭಾಷಣಗಳಲ್ಲಿ ಈ ಭಾಗ ಬಿಟ್ಟುಬಿಡುತ್ತಾರೆ. ಕಷ್ಟಪಟ್ಟರೆ ಗೆಲುವು ಗ್ಯಾರಂಟಿ ಎನ್ನುತ್ತಾರೆ. ಹಾಗೇನಿಲ್ಲ. ಕಷ್ಟಪಟ್ಟರೆ ಅವಕಾಶ ಬರಬಹುದು, ಆಮೇಲೂ ಸೊನ್ನೆಗೆ ಔಟಾಗಬಹುದು. ಆಗ ಮುಂದೇನು ಎಂಬುದೇ ಪ್ರಶ್ನೆ. ಕರುಣ್ 2025-26ಕ್ಕೆ ಕರ್ನಾಟಕಕ್ಕೇ ಮರಳಿದರು. ಶಿವಮೊಗ್ಗದಲ್ಲಿ ಗೋವಾ ವಿರುದ್ಧ ಅಜೇಯ 174, ನಂತರ ಕೇರಳ ವಿರುದ್ಧ 233. ಬಿಟ್ಟುಹೋದ ಮನೆಯ ಬಾಗಿಲು ಮತ್ತೆ ತೆರೆಯಿತು, ಯಾಕೆಂದರೆ ಹೊರಗೆ ಮಾಡಿದ ಕೆಲಸದ ಲೆಕ್ಕ ಎಲ್ಲರ ಕಣ್ಣ ಮುಂದೆ ಇತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸರಿಯೂ ಹೌದು. ಕರುಣ್ ಬೆಂಗಳೂರಿನ ಹುಡುಗ, ಒಳ್ಳೆಯ ಮೈದಾನ, ಕೋಚ್ ಎಲ್ಲ ಹತ್ತಿರವೇ ಇದ್ದವು. ಕಲಬುರಗಿಯ ಎನ್.ವಿ. ಮೈದಾನದಲ್ಲಿ ಆಡುವ ಹುಡುಗನಿಗೆ ಅದೆಲ್ಲ ಎಲ್ಲಿದೆ? ಮಹಾರಾಜ ಟ್ರೋಫಿಯಲ್ಲಿ ನಮ್ಮ ಹೆಸರಿನ ಗುಲ್ಬರ್ಗ ಮಿಸ್ಟಿಕ್ಸ್ 2022ರಲ್ಲಿ ಚಾಂಪಿಯನ್ ಆಯಿತು. ಆದರೆ ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ತಂಡಕ್ಕೆ ನಮ್ಮ ಊರಿನ ಹೆಸರಿದೆ, ನಮ್ಮ ಊರಿಗೆ ಪಂದ್ಯವಿಲ್ಲ. ಉದ್ಯೋಗದ ಕಥೆಯೂ ಇದಕ್ಕಿಂತ ಬೇರೆಯಲ್ಲ. 371(ಜೆ) ನಮಗೆ ಶಿಕ್ಷಣದಲ್ಲಿ, ಸರ್ಕಾರಿ ನೌಕರಿಯಲ್ಲಿ ಮೀಸಲು ಕೊಟ್ಟಿದೆ, ಅದರ ಉಪಕಾರ ದೊಡ್ಡದು. ಆದರೆ ಬಿ.ಇ. ಮುಗಿಸಿದವರೆಲ್ಲರಿಗೂ ಸಾಕಾಗುವಷ್ಟು ಕಂಪನಿ ಇಲ್ಲಿಗೆ ಬಂದಿಲ್ಲ. ಹೋಗುವುದು ಆಯ್ಕೆಯಾಗಿರಬೇಕು, ಅನಿವಾರ್ಯ ಆಗಬಾರದು. ಇದನ್ನು ನಾವು ಜನಪ್ರತಿನಿಧಿಗಳನ್ನು ಕೇಳುತ್ತಲೇ ಇರಬೇಕು. ಅವರು ಉತ್ತರ ಕೊಡುವತನಕ ಕಟ್ಟೆಯ ಮೇಲೆ ಕೂತಿರಬೇಕೆ? ನನ್ನ ಪ್ರಕಾರ ಬೇಡ.

ನನ್ನದೇ ವಿಷಯ ಹೇಳುತ್ತೇನೆ. ಹತ್ತನೇ ತರಗತಿಯಲ್ಲಿ ನಾನು ಶಾಲೆಗೆ ಮೊದಲಿಗ. ಫೋಟೋ ಹಾಕಿ ಬ್ಯಾನರ್ ಕಟ್ಟಿದ್ದರು. ಅದು ನನ್ನ ತ್ರಿಶತಕ. ಈಗ ಆರನೇ ಸೆಮಿಸ್ಟರ್. ಕಳೆದ ತಿಂಗಳು ಇಂಟರ್ನ್‌ಶಿಪ್‌ಗೆಂದು ಬಂದ ಕಂಪನಿಯೊಂದರ ಆ್ಯಪ್ಟಿಟ್ಯೂಡ್ ಪರೀಕ್ಷೆಯಲ್ಲಿ ಮೊದಲ ಸುತ್ತಿಗೇ ಔಟಾದೆ. ಹತ್ತನೇ ತರಗತಿಯ ಅಂಕ ಅಲ್ಲಿ ಯಾರೂ ಕೇಳಲಿಲ್ಲ. ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಆಮೇಲೆ ಅಣ್ಣನಿಗೆ ಫೋನ್ ಮಾಡಿದೆ. ಅವನು ಹೇಳಿದ, "ಇಲ್ಲೊಂದು ಸಣ್ಣ ಕಂಪನಿ ಅದ, ಆರು ವಾರದ ಕೆಲಸ. ಕೊಡೋ ರೊಕ್ಕ ರೂಮಿನ ಬಾಡಿಗೀಗೂ ಸಾಲಂಗಿಲ್ಲ. ಬರ್ತೀ ಅಂದ್ರ ನನ್ನ ರೂಮಿನಾಗ ಇರು, ಕೆಲಸ ಕಲೀ."

ಆರು ವಾರ ಅಂದಾಗ ನನಗೆ ನಾರ್ಥಾಂಪ್ಟನ್‌ಶೈರಿನ ಮೂರು ಪಂದ್ಯ ನೆನಪಾದವು. ಮನೆಯಲ್ಲಿ ಕೇಳಿದೆ. ಅಪ್ಪ ಲೆಕ್ಕ ಹಾಕಿ ಸುಮ್ಮನಾದರು. ಅವ್ವ, "ಹೋಗಿ ಬಾ, ಆದ್ರ ಫೋನ್ ಮಾಡು," ಅಂದಳು. ಪರೀಕ್ಷೆ ಮುಗಿದ ಮೇಲೆ ಹೊರಡುತ್ತೇನೆ. ಅಲ್ಲಿ ನೌಕರಿ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಆರು ವಾರದಲ್ಲಿ ಏನು ಮಾಡಿದೆ ಎಂದು ತೋರಿಸಲು ಒಂದಿಷ್ಟು ಕೆಲಸವಂತೂ ಕೈಯಲ್ಲಿರುತ್ತದೆ.

ಗೆಳೆಯರೇ, ನಿಮ್ಮಲ್ಲೂ ಅನೇಕರು ಇದೇ ತೂಗುಯ್ಯಾಲೆಯಲ್ಲಿ ಇರಬಹುದು. ಹಳೆಯ ಅಂಕಪಟ್ಟಿ ಹಿಡಿದು ಕೂರಬೇಡಿ, ಸಣ್ಣ ಅವಕಾಶ ಎಂದು ಬಿಡಬೇಡಿ. ದೊಡ್ಡವರಲ್ಲಿ ಒಂದೇ ವಿನಂತಿ: ಹೊರಟ ಮಕ್ಕಳನ್ನು ಬಸ್ ಸ್ಟ್ಯಾಂಡಿನಲ್ಲಿ ತಡೆದು "ಇಲ್ಲಿ ಆಗ್ಲಿಲ್ಲೇನು" ಎಂದು ಕೇಳಬೇಡಿ. ನಮ್ಮ ಕಮಲಾಪುರದ ಕೆಂಪು ಬಾಳೆಗೆ ಜಿಐ ಟ್ಯಾಗ್ ಇದೆ. ಯಾವ ಪೇಟೆಯಲ್ಲಿ ಮಾರಿದರೂ ಅದು ಕಮಲಾಪುರದ್ದೇ. ನಮಗೂ ಅಷ್ಟು ನಂಬಿಕೆ ಇಟ್ಟು ಕಳಿಸಿ. ಹೋಗಿ ಬರುತ್ತೇವೆ.