ಕಾಯಕಕ್ಕೂ ಮಿತಿ ಬೇಡವೇ?

ನಮ್ಮ ವಿದ್ಯಾಶಾಲೆಯ ಮಕ್ಕಳಲ್ಲಿ ಒಬ್ಬರು ವೈದ್ಯರಾದರೆಂಬ ವಾರ್ತೆ ಬಂದಾಗ ಮನೆಗೂ ಮಠಕ್ಕೂ ಹರ್ಷವಾಗುವುದು ಸಹಜ. ಆದರೆ ಎಂ.ಬಿ.ಬಿ.ಎಸ್. ಮುಗಿಸಿದ ಅವರು ಎಂ.ಡಿ., ಎಂ.ಎಸ್. ಪದವಿಗಳಿಗಾಗಿ ಮತ್ತೆ ಮೂರು ವರ್ಷ ಆಸ್ಪತ್ರೆಯಲ್ಲಿ ಹಗಲಿರುಳು ದುಡಿಯುವಾಗ ಅವರ ದೇಹ ಮನಸ್ಸುಗಳ ಸ್ಥಿತಿ ಏನಾಗಿರುತ್ತದೆಂದು ವಿಚಾರಿಸುವವರು ವಿರಳ. ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುವ ಈ ಸ್ಮರಣ ಸಂಚಿಕೆಯಲ್ಲಿ ಆ ಪ್ರಶ್ನೆಯನ್ನು ಎತ್ತುವುದು ಉಚಿತವೆಂದು ಭಾವಿಸಿದ್ದೇನೆ.

ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯನ್ನು ಅರಿಯದವರು ನಮ್ಮ ಬಡಾವಣೆಗಳಲ್ಲಿ ಇಲ್ಲ. ಕಾರ್ಖಾನೆಗಳ ಶ್ರಮಿಕರಿಗೂ ಅವರ ಕುಟುಂಬಗಳಿಗೂ ಆಸರೆಯಾದ ಅದು ಇಂದು ಸ್ನಾತಕೋತ್ತರ ವೈದ್ಯಶಿಕ್ಷಣದ ಕೇಂದ್ರವೂ ಆಗಿದೆ. ಅದಕ್ಕೆ ಮೂಲವಾದ ನೌಕರರ ರಾಜ್ಯ ವಿಮಾ ಕಾಯಿದೆ ಬಂದದ್ದು ೧೯೪೮ರಲ್ಲಿ. ಅದೇ ವರ್ಷದ ಕಾರ್ಖಾನೆಗಳ ಕಾಯಿದೆಯು ಶ್ರಮಿಕನ ದುಡಿಮೆಗೆ ವಾರಕ್ಕೆ ೪೮ ಗಂಟೆಗಳ ಎಲ್ಲೆಯನ್ನು ಹಾಕಿತು. ನಿದ್ರೆಗೆಟ್ಟವನ ಕೈ ಯಂತ್ರಕ್ಕೆ ಸಿಲುಕೀತೆಂಬುದನ್ನು ನಾವೆಲ್ಲರೂ ಬಲ್ಲೆವು. ರೋಗಿಯ ಒಡಲಿಗೆ ಶಸ್ತ್ರವಿಡುವ ಕೈಗೂ ನಿದ್ರೆ ಬೇಕೆಂಬುದನ್ನು ಮಾತ್ರ ನಮ್ಮ ದೇಶದ ವೈದ್ಯಶಿಕ್ಷಣ ಇನ್ನೂ ಪೂರ್ಣವಾಗಿ ಒಪ್ಪಿಕೊಂಡಿಲ್ಲ. ಇದು ಯಾವುದೇ ಒಂದು ಆಸ್ಪತ್ರೆಯ ಮೇಲಿನ ದೂರಲ್ಲ. ಇಡೀ ವ್ಯವಸ್ಥೆಯನ್ನು ಕುರಿತ ಮಾತು.

ನಿಯಮಗಳೇ ಇಲ್ಲವೆಂದಲ್ಲ. ರೆಸಿಡೆಂಟ್ ವೈದ್ಯರ ದುಡಿಮೆ ಸಾಮಾನ್ಯವಾಗಿ ದಿನಕ್ಕೆ ೧೨ ಗಂಟೆ, ವಾರಕ್ಕೆ ೪೮ ಗಂಟೆ ಮೀರಬಾರದೆಂದು ಕೇಂದ್ರ ಸರ್ಕಾರವು ೧೯೯೨ರಲ್ಲಿಯೇ ನಿರ್ದೇಶಿಸಿತ್ತು. ೨೦೨೩ರ ಸ್ನಾತಕೋತ್ತರ ವೈದ್ಯಶಿಕ್ಷಣ ನಿಯಮಾವಳಿಯು ಗಂಟೆಗಳ ಲೆಕ್ಕ ಕೊಡದೆ, ದುಡಿಮೆಯ ಅವಧಿ ಸಮಂಜಸವಾಗಿರಬೇಕೆಂದಷ್ಟೇ ಹೇಳಿತು. ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆಯು ೨೦೨೪ರಲ್ಲಿ ವಾರಕ್ಕೆ ೭೪ ಗಂಟೆಗಳ ಮಿತಿಯನ್ನೂ ಒಂದು ದಿನದ ರಜೆಯನ್ನೂ ಶಿಫಾರಸು ಮಾಡಿತು. ೩೨ ವರ್ಷಗಳಲ್ಲಿ ಅಳತೆಯೇ ೪೮ರಿಂದ ೭೪ಕ್ಕೆ ಏರಿರುವುದು ಯೋಚಿಸತಕ್ಕ ವಿಷಯ. ಅದೇ ಕಾರ್ಯಪಡೆಯ ಸಮೀಕ್ಷೆಗೆ ಉತ್ತರಿಸಿದ ಐದು ಸಾವಿರಕ್ಕೂ ಹೆಚ್ಚು ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ ನೂರಕ್ಕೆ ೩೧ ಮಂದಿ, ತಮಗೆ ಆತ್ಮಹತ್ಯೆಯ ಆಲೋಚನೆ ಬಂದುದುಂಟೆಂದು ತಿಳಿಸಿದ್ದಾರೆ. ಅನ್ಯರ ಪ್ರಾಣ ಕಾಯಲು ಹೊರಟವರ ಮಾತಿದು.

‘ನಾವೂ ಹೀಗೆಯೇ ಕಲಿತೆವು’ ಎಂದು ಹಿರಿಯ ವೈದ್ಯರು ಹೇಳುವುದುಂಟು. ರೋಗಿಗಳ ನಡುವೆ ಇರದೆ ವೈದ್ಯವಿದ್ಯೆ ಬಾರದೆಂಬುದೂ, ರಾತ್ರಿಯ ಸರದಿ ಅನಿವಾರ್ಯವೆಂಬುದೂ ನಿಜ. ಆದರೆ ಬಳಲಿಕೆಯೇ ಶಿಕ್ಷಣವಲ್ಲ. ೧೯೮೪ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ತರುಣಿಯೊಬ್ಬಳು ತೀರಿಕೊಂಡ ಪ್ರಕರಣದಿಂದ ಈ ಪ್ರಶ್ನೆ ಎದ್ದು, ಆ ರಾಜ್ಯವು ೧೯೮೯ರಲ್ಲಿ ವಾರಕ್ಕೆ ೮೦ ಗಂಟೆಗಳ ಮಿತಿ ತಂದಿತು. ೨೦೦೩ರಲ್ಲಿ ಅದು ಅಮೆರಿಕದ ಎಲ್ಲೆಡೆಗೂ ಹಬ್ಬಿತು. ಉದ್ಯೋಗದ ಒತ್ತಡದಿಂದ ಹುಟ್ಟುವ ‘ಬರ್ನ್‌ಔಟ್’ ಎಂಬ ಸ್ಥಿತಿಯ ಲಕ್ಷಣಗಳನ್ನು ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ನಿರೂಪಿಸಿದೆ: ಶಕ್ತಿಯೆಲ್ಲ ಸೋರಿಹೋದ ಭಾವ, ಕೆಲಸದಲ್ಲಿ ಜಿಗುಪ್ಸೆ, ಕಾರ್ಯದಕ್ಷತೆಯ ಕುಸಿತ. ಕಾರಣವು ದುಡಿಮೆಯಲ್ಲಿರುವಾಗ ಪರಿಹಾರವನ್ನು ದುಡಿಯುವವರ ಮನೋಬಲದಲ್ಲಿ ಮಾತ್ರ ಹುಡುಕುವುದು ನ್ಯಾಯವಲ್ಲ.

ಕಾಯಕದ ಹೆಸರಿನಲ್ಲಿ ಈ ಅತಿಶ್ರಮವನ್ನು ಸಮರ್ಥಿಸುವುದು ಶರಣರಿಗೆ ಮಾಡುವ ಅಪಚಾರ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಮರಳಿ ಸುರಿದು ಬರಲು ಹೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಕಾಯಕಕ್ಕೆ ನಿಷ್ಠೆಯಷ್ಟೇ ಮಿತಿಯೂ ಮುಖ್ಯವೆಂಬುದು ಅದರ ತಿರುಳು. ಅಂಗಳದ ಅಕ್ಕಿಗೆ ಸಲ್ಲುವ ಈ ಮಾತು ಮನುಷ್ಯನ ಆಯುಷ್ಯಕ್ಕೆ ಸಲ್ಲದೇ?

ಆದುದರಿಂದ ಮೂರು ಬಿನ್ನಹಗಳಿವೆ. ವಿಭಾಗಗಳ ಮುಖ್ಯಸ್ಥರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳು, ರಾತ್ರಿ ಸರದಿ ಮುಗಿಸಿದ ಕಿರಿಯರನ್ನು ಬೆಳಿಗ್ಗೆ ವಿಶ್ರಾಂತಿಗೆ ಕಳುಹಿಸಲಿ. ಆಸ್ಪತ್ರೆಗೆ ಕಟ್ಟಡ, ಯಂತ್ರಗಳನ್ನು ಕೊಡುವ ದಾನಿಗಳು ಸರದಿಯ ವೈದ್ಯರಿಗೆ ಮಲಗಲು ಶುಚಿಯಾದ ಕೋಣೆಯನ್ನೂ ನಡುರಾತ್ರಿಯ ಬಿಸಿಯೂಟವನ್ನೂ ಕೊಡಲಿ. ‘ನನ್ನಿಂದಾಗುತ್ತಿಲ್ಲ, ನೆರವು ಬೇಕು’ ಎನ್ನುವುದು ಅವಮಾನವಲ್ಲವೆಂದು ಅಧ್ಯಾಪಕರು ಶಾಲೆಯಲ್ಲಿಯೇ ಕಲಿಸಲಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ೨೦೨೨ರಲ್ಲಿ ಪ್ರಾರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ ೧೪೪೧೬. ಅದು ಪ್ರತಿ ಮನೆಯಲ್ಲಿಯೂ ತಿಳಿದಿರಲಿ.

ದಣಿದು ಬಂದವರನ್ನು ಕುಳ್ಳಿರಿಸಿ ಉಣಬಡಿಸುವುದು ದಾಸೋಹದ ಧರ್ಮ. ನಮ್ಮನ್ನು ಕಾಯುವ ತರುಣ ವೈದ್ಯರಿಗೂ ಆ ಧರ್ಮ ಸಲ್ಲಬೇಕು.