ಓಡುವ ಯಂತ್ರದಿಂದ ಬೋರ್ಡು ಕೀಳುವುದು

ಮಕ್ಕಳೇ, ಬಸವನಗುಡಿಯ ನಮ್ಮ ಮನೆಯಲ್ಲಿ ಮೊನ್ನೆ ಒಂದು ಎಡವಟ್ಟಾಯಿತು. ಕಡಲೆಕಾಯಿ ಪರಿಷೆಯ ಫೋಟೋಗಳನ್ನು ಪೆನ್‌ಡ್ರೈವ್‌ಗೆ ಹಾಕಿದೆ. ‘ಮುಗಿಯಿತು’ ಅಂದಿತು ಕಂಪ್ಯೂಟರು. ನಾನು ಕ್ಯಾಮೆರಾ ಖಾಲಿ ಮಾಡಿದೆ, ಮೊಮ್ಮಗಳು ಪೆನ್‌ಡ್ರೈವನ್ನು ಸರಕ್ಕನೆ ಕಿತ್ತಳು. ಅಜ್ಜಿ ಕಡಲೆಕಾಯಿ ಆರಿಸುತ್ತಿದ್ದ ಚಿತ್ರವೇ ಇಲ್ಲ! ಕಂಪ್ಯೂಟರು ಕೆಲವನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡಿತ್ತು, ಇನ್ನೂ ಬರೆದಿರಲಿಲ್ಲ.

“ತಾತ, ಬ್ಯಾಂಕಿನ ಕಂಪ್ಯೂಟರಲ್ಲಿ ಏನಾದ್ರೂ ಕೆಟ್ಟರೆ ಬ್ಯಾಂಕೇ ಮುಚ್ತಾರಾ?”

ಇಲ್ಲ ಪುಟ್ಟಿ. 1997ರಲ್ಲಿ ಸನ್ ಕಂಪನಿ ‘ಎಂಟರ್‌ಪ್ರೈಸ್ 10000’ ಎಂಬ ಯುನಿಕ್ಸ್ ಯಂತ್ರ ತಂದಿತು. ಅದರಲ್ಲಿ 16 ಬೋರ್ಡು, ಒಂದೊಂದರಲ್ಲೂ 4 ಪ್ರೊಸೆಸರ್‌ವರೆಗೆ. ಓಡುತ್ತಿರುವಾಗಲೇ ಬೋರ್ಡು ತೆಗೆಯಬಹುದು, ಹಾಕಬಹುದು. ಗಾಂಧಿ ಬಜಾರಿನ ಹೋಟೆಲಲ್ಲಿ ಕಾಲು ಮುರಿದ ಟೇಬಲ್ ತೆಗೆಯುವಾಗ ಮಾಣಿ ಏನು ಮಾಡುತ್ತಾನೆ? ಕೂತವರನ್ನು ತಟ್ಟೆ ಸಮೇತ ಬೇರೆ ಕಡೆ ಕೂರಿಸುತ್ತಾನೆ. ಹಾಗೆಯೇ ಯುನಿಕ್ಸ್ ಆ ಬೋರ್ಡಿನ ಕೆಲಸವನ್ನೂ ನೆನಪಿನಲ್ಲಿದ್ದುದನ್ನೂ ಉಳಿದ ಬೋರ್ಡುಗಳಿಗೆ ಸಾಗಿಸಿ, ಆಮೇಲೆ ಕರೆಂಟು ತೆಗೆಯುತ್ತದೆ. ಯುನಿಕ್ಸಿನ ತಿರುಳೇ ಕೂತ ಬೋರ್ಡಾದರೆ ಮಾತ್ರ ಇಡೀ ಯಂತ್ರ ತುಸು ಹೊತ್ತು ಉಸಿರು ಬಿಗಿಹಿಡಿಯಬೇಕು.

ನಿಮ್ಮ ಪೆನ್‌ಡ್ರೈವಿನ ಅಗಲ ಮೂತಿಯೊಳಗೆ ನೋಡಿ. ಬದಿಯ ಎರಡು ಪಟ್ಟಿ ಉದ್ದ, ಅವು ಕರೆಂಟಿಗೆ. ನಡುವಿನವು ಗಿಡ್ಡ, ಮಾಹಿತಿಗೆ. ಚುಚ್ಚುವಾಗ ಕರೆಂಟು ಮೊದಲು, ಕೀಳುವಾಗ ಕೊನೆಗೆ.

ಮೊಮ್ಮಗಳು ಭೂತಗನ್ನಡಿ ಹಿಡಿದು ನೋಡಿದಳು. ಅಜ್ಜಿ ಮತ್ತೆ ಮೊರ ಹಿಡಿದು ಕೂರಲು ಒಪ್ಪಿದ್ದಾಳೆ.