ಮಾತ್ರೆ ಮೊದಲು, ಊಟ ಕೊನೆಗೆ... ಇದ್ಯಾವ ನ್ಯಾಯ?

ಸಕ್ಕರೆ ಕಾಯಿಲೆ ಅಂದಕೂಡಲೇ ನಮ್ಮ ಕಣ್ಣು ಹೋಗುವುದು ಸಕ್ಕರೆ ಡಬ್ಬಿಯ ಕಡೆಗೆ. ಅತ್ತೆಗೆ ಶುಗರ್ ಇದ್ದರೆ ಚಹಾಕ್ಕೆ ಸಕ್ಕರೆ ಬಂದ್, ಹಬ್ಬದ ಹೋಳಿಗೆಯೂ ಬಂದ್! 'ಶುಗರ್ ಎಷ್ಟೈತ್ರಿ?' ಅಂತ ಕೇಳುವವರೆಲ್ಲ ಏರಿದೆಯಾ ಅಂತಲೇ ಕೇಳುತ್ತಾರೆ. ಇಳಿದಿದೆಯಾ ಅಂತ ಕೇಳುವವರು ಎಷ್ಟು ಮಂದಿ, ನೀವೇ ಹೇಳಿ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು... ನಮ್ಮ ಕಡೆಯ ಯಾವ ಮನೆಗೆ ಹೋದರೂ ಒಂದೇ ಕಥೆ. ಹೆಣ್ಣುಮಗಳು ನಸುಕಿನಲ್ಲಿ ಎದ್ದು ಮಾತ್ರೆ ನುಂಗುತ್ತಾಳೆ. ಆಮೇಲೆ ರೊಟ್ಟಿ ಬಡಿಯಬೇಕು, ಮಕ್ಕಳನ್ನು ಶಾಲೆಗೆ ಕಳಿಸಬೇಕು, ಹೊಲಕ್ಕೆ ಬುತ್ತಿ ಕಟ್ಟಬೇಕು. ಅವಳು ತಾಟಿನ ಮುಂದೆ ಕೂಡುವ ಹೊತ್ತಿಗೆ ಹನ್ನೊಂದು. ಹತ್ತಿ ಬಿಡಿಸುವಾಗ, ಗೋವಿನಜೋಳ ಮುರಿಯುವಾಗ ಇನ್ನೂ ತಡ. ಮೇಲೆ ಸೋಮವಾರ, ಏಕಾದಶಿಯ ಉಪವಾಸ. ರಂಜಾನ್ ಬಂದರೆ ರೋಜಾ. ನಾವು ಉಪವಾಸ ಮಾಡಬಹುದು, ಆದರೆ ಮಾತ್ರೆಗೆ ಉಪವಾಸ ಗೊತ್ತಿಲ್ಲ. ಅದು ತನ್ನ ಕೆಲಸ ಮಾಡಿಯೇ ತೀರುತ್ತದೆ.

ನಮ್ಮ ಮಿದುಳು ದೇಹದ ತೂಕದಲ್ಲಿ ಶೇ. 2ರಷ್ಟು ಮಾತ್ರ. ಆದರೆ ದೇಹದ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟು ಅದಕ್ಕೇ ಬೇಕು. ಅದರ ಮುಖ್ಯ ಆಹಾರ ಗ್ಲುಕೋಸ್, ಕೂಡಿಟ್ಟುಕೊಳ್ಳಲು ಕಣಜವಿಲ್ಲ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಬೆವರು, ನಡುಕ, ಎದೆಬಡಿತ, ತಡೆಯಲಾರದ ಹಸಿವು. 54ಕ್ಕಿಂತ ಕೆಳಗೆ ಹೋದರೆ ಮಿದುಳೇ ತಡವರಿಸಬಹುದು. ಮಾತು ತೊದಲುತ್ತದೆ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ, ಗೊಂದಲವಾಗುತ್ತದೆ. ನಾವೋ, 'ವಯಸ್ಸಾತು, ಅರಳು ಮರಳು' ಅಂತ ಸುಮ್ಮನಾಗುತ್ತೇವೆ!

2009ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದು ಅಧ್ಯಯನ ಪ್ರಕಟವಾಯಿತು. ಟೈಪ್ 2 ಮಧುಮೇಹವಿದ್ದ 16,667 ಹಿರಿಯರ ಲೆಕ್ಕ ಅದು. ಸಕ್ಕರೆ ಇಳಿದು ಒಮ್ಮೆ ಆಸ್ಪತ್ರೆ ಸೇರಿದವರಲ್ಲಿ ಮರೆಗುಳಿ ರೋಗದ ಸಂಭವ ಶೇ. 26ರಷ್ಟು ಹೆಚ್ಚು, ಮೂರು ಅಥವಾ ಹೆಚ್ಚು ಸಲ ಸೇರಿದವರಲ್ಲಿ ಹತ್ತಿರಹತ್ತಿರ ದುಪ್ಪಟ್ಟು! ಟೈಪ್ 1 ಇದ್ದವರನ್ನು 18 ವರ್ಷ ಗಮನಿಸಿದ ಇನ್ನೊಂದು ಅಧ್ಯಯನ 2007ರಲ್ಲಿ ಅಂಥ ಹಾನಿ ಕಾಣಲಿಲ್ಲ ಎಂದಿತ್ತು. ಅದೇ ಜನ ವಯಸ್ಸಾದ ಮೇಲೆ, 32 ವರ್ಷ ತುಂಬಿದಾಗ, 2021ರಲ್ಲಿ ಬಂದ ವರದಿ ಬೇರೆಯೇ ಹೇಳಿತು. ತೀವ್ರವಾಗಿ ಸಕ್ಕರೆ ಇಳಿದವರಲ್ಲಿ ಮಿದುಳಿನ ಚುರುಕು ಹೆಚ್ಚು ಕುಂದಿತ್ತು. ಸಕ್ಕರೆ ಬಹಳ ಏರಿದ್ದವರಲ್ಲೂ ಅಷ್ಟೇ. ಇದೇ ಕಾರಣ ಅಂತ ಖಡಾಖಂಡಿತ ಹೇಳಲಾಗದು. ಮರೆವು ಬಂದವರು ಮಾತ್ರೆ ಎರಡು ಸಲ ನುಂಗಿಯೂ ಸಕ್ಕರೆ ಇಳಿಯಬಹುದಲ್ಲ! ಆದರೂ ಎಚ್ಚರ ಬೇಡವೇ?

ಇನ್ನೊಂದು ಮಾತು. ಪದೇಪದೇ ಸಕ್ಕರೆ ಇಳಿದರೆ ದೇಹ ಮುನ್ಸೂಚನೆ ಕೊಡುವುದನ್ನೇ ಬಿಡುತ್ತದೆ. ಬೆವರಿಲ್ಲ, ನಡುಕವಿಲ್ಲ, ನೇರವಾಗಿ ಎಚ್ಚರ ತಪ್ಪುತ್ತದೆ. ಕೆಲವು ವಾರ ಸಕ್ಕರೆ ಇಳಿಯದಂತೆ ನೋಡಿಕೊಂಡರೆ ಹಲವರಲ್ಲಿ ಆ ಸೂಚನೆ ಮರಳುತ್ತದೆ ಎನ್ನುವುದೇ ಸಮಾಧಾನ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಮಾತ್ರೆ ನುಂಗಿದವಳು ಎಲ್ಲರಿಗಿಂತ ಮೊದಲು ಉಣ್ಣಬೇಕು. ಅದು ಸ್ವಾರ್ಥವಲ್ಲ, ಔಷಧದ ಅರ್ಧ ಭಾಗ. ಇನ್ಸುಲಿನ್, ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ತೆಗೆದುಕೊಳ್ಳುವವರಿಗೆ ಈ ಅಪಾಯ ಹೆಚ್ಚು; ಬರೀ ಮೆಟ್‌ಫಾರ್ಮಿನ್‌ನಿಂದ ಕಡಿಮೆ. 60 ದಾಟಿದವರಿಗೆ ಗ್ಲಿಬೆನ್‌ಕ್ಲಮೈಡ್ ಸೂಕ್ತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಮನೆಯ ಹಿರಿಯರ ಚೀಟಿ ಹಿಡಿದು ತಾಲೂಕು ಆಸ್ಪತ್ರೆಯ ಡಾಕ್ಟರನ್ನು ಕೇಳಿ: 'ಇವರಿಗೆ ಶುಗರ್ ಎಷ್ಟಿದ್ದರೆ ಸಾಕ್ರಿ? ಉಪವಾಸದ ದಿನ ಮಾತ್ರೆ ಹೆಂಗ್ರಿ?' ನೀವಾಗಿಯೇ ಮಾತ್ರೆ ಬಿಡಬೇಡಿ.

ನಡುಕ ಬಂದರೆ ಮೂರು ಚಹಾ ಚಮಚೆ ಸಕ್ಕರೆ ಅಥವಾ ಗ್ಲುಕೋಸ್ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಕಾಯಿರಿ. ಕಡಿಮೆ ಆಗದಿದ್ದರೆ ಮತ್ತೊಮ್ಮೆ ಕೊಡಿ, ಆಮೇಲೆ ಊಟ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಗೆಳತಿಯರೇ, 'ಎಲ್ಲಾರೂ ಉಣ್ಲಿ, ಆಮ್ಯಾಲೆ ನಾನು' ಅನ್ನುವ ಮಾತನ್ನು ಶುಗರ್ ಇರುವ ಮನೆಯಲ್ಲಿ ಇಂದೇ ಬಿಟ್ಟುಬಿಡಿ. ನಾಳೆ ಮೊದಲ ರೊಟ್ಟಿ ಅತ್ತೆಯ ತಾಟಿಗೆ ಬೀಳಲಿ. ಶುಗರ್ ನಿಮಗೇ ಇದ್ದರೆ, ನಿಮ್ಮದಕ್ಕೆ!